ಬಾಣಂತಿಯ ಉಂಡಿ ಬಸುರಿಗೂ ಸಿಗಲಿ

ಮುಧೋಳ ಸೀಮೆಯಲ್ಲಿ ಬಸುರಿ ಹೆಣ್ಣುಮಗಳಿಗೆ ‘ರಕ್ತ ಕಡಿಮಿ ಐತಿ’ ಎಂದು ದವಾಖಾನೆಯವರು ಹೇಳಿ ಕಳಿಸಿದರೆ, ಮನೆಯ ಹಿರಿಯರ ಬಾಯಿಂದ ಮೊದಲು ಬರುವ ಮದ್ದು ಬೆಲ್ಲ. ‘ಬೆಲ್ಲಾ ಶೇಂಗಾ ತಿನ್ನು, ತಾನ ಏರತೈತಿ.’ ಘಟಪ್ರಭೆಯ ದಂಡೆಗುಂಟ ಕಬ್ಬು, ಪಕ್ಕದ ಮಹಾಲಿಂಗಪುರದಲ್ಲಿ ಬೆಲ್ಲದ ಪೇಟೆ. ಬೆಲ್ಲದ ಮೇಲೆ ಇಲ್ಲಿನವರಿಗೆ ನಂಬಿಕೆ ಇರುವುದು ಸಹಜವೇ. ಆದರೆ ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಬೆಲ್ಲದಲ್ಲಿರುವ ಕಬ್ಬಿಣಾಂಶ 5 ಮಿಲಿಗ್ರಾಂಗೂ ಕಡಿಮೆ. ದಿನಕ್ಕೊಂದು ಹೆಂಟೆ ತಿಂದರೆ 1 ಮಿಲಿಗ್ರಾಂ ಆಸುಪಾಸು ಸಿಕ್ಕೀತು. ಅದರಲ್ಲೂ ಮೈಗೆ ಹತ್ತುವುದು ಸಣ್ಣ ಪಾಲು. ಬಸುರಿನ ಅವಧಿಯಲ್ಲಿ ತಾಯಿಯ ದೇಹ ಬೇಡುವುದು ಒಟ್ಟು ಸುಮಾರು 1000 ಮಿಲಿಗ್ರಾಂ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45.7 ಮಂದಿಗೆ ರಕ್ತಹೀನತೆ ಇತ್ತು. ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ 45.4. ಅಂದರೆ ನಾವು ಇದ್ದಲ್ಲೇ ಇದ್ದೇವೆ. ಬಸುರಿಯಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿಳಿದರೆ ರಕ್ತಹೀನತೆ, 7ಕ್ಕಿಂತ ಕೆಳಗಾದರೆ ಜೀವಕ್ಕೇ ಅಪಾಯ. ಹೆರಿಗೆಯ ಹೊತ್ತಿನ ರಕ್ತಸ್ರಾವವನ್ನು ಗಟ್ಟಿಮುಟ್ಟಾದ ಹೆಣ್ಣುಮಗಳು ತಡೆದುಕೊಳ್ಳಬಹುದು, ರಕ್ತವಿಲ್ಲದವಳು ತಡೆದುಕೊಳ್ಳಲಾರಳು. ಬಸುರಿ ಕದ್ದುಮುಚ್ಚಿ ಮಣ್ಣು ತಿಂದರೆ ನಾವು ‘ಬಯಕಿ’ ಎಂದು ನಕ್ಕು ಬಿಡುತ್ತೇವೆ. ಅನೇಕ ಸಲ ಅದು ಕಬ್ಬಿಣಾಂಶದ ಕೊರತೆಯ ಗುರುತು. ನಗದೆ ರಕ್ತ ಪರೀಕ್ಷೆ ಮಾಡಿಸಬೇಕು.

ಹಾಗಾದರೆ ಆಹಾರದಿಂದ ಪ್ರಯೋಜನವೇ ಇಲ್ಲವೇ? ಖಂಡಿತ ಇದೆ. ಆದರೆ ಯಾವುದನ್ನು, ಯಾವಾಗ ಕೊಡುತ್ತೇವೆ ಎಂಬಲ್ಲಿ ಎಡವಿದ್ದೇವೆ. ನಮ್ಮ ಭಾಗದ ಅಂಟಿನ ಉಂಡಿಯನ್ನೇ ನೋಡಿ. ಹೆರಿಗೆಯಾಯಿತು ಎಂದರೆ ತವರುಮನೆ ತುಂಬ ತುಪ್ಪದ ಘಮ. ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ ಹೆರೆದು, ಉತ್ತತ್ತಿ ಕುಟ್ಟಿ, ಗಸಗಸೆ ಹುರಿದು, ಬೆಲ್ಲದ ಪಾಕದಲ್ಲಿ ಕಲಸಿ, ಕೈ ಸುಡುತ್ತಿದ್ದರೂ ಬಿಡದೆ ಉಂಡಿ ಕಟ್ಟುತ್ತಾರೆ. ಡಬ್ಬಿಗಟ್ಟಲೆ ಕಟ್ಟುತ್ತಾರೆ, ದಿನಾ ಬೆಳಿಗ್ಗೆ ಬಾಣಂತಿಗೆ ತಿನ್ನಿಸುತ್ತಾರೆ. ಇಷ್ಟು ಅಕ್ಕರೆಯ ಪದ್ಧತಿ ನಮ್ಮಲ್ಲಿದೆ ಎನ್ನುವುದು ಸಣ್ಣ ಮಾತಲ್ಲ. ಆದರೆ ಈ ಉಂಡಿ ಬರುವುದು ಹೋಗಬೇಕಾದ ರಕ್ತ ಹೋದ ಮೇಲೆ! ಅದಕ್ಕಿಂತ ಮುಂಚಿನ ಒಂಬತ್ತು ತಿಂಗಳು ಅದೇ ಹೆಣ್ಣುಮಗಳು ಎಲ್ಲರದ್ದೂ ಆದ ಮೇಲೆ, ಬುಟ್ಟಿಯಲ್ಲಿ ಉಳಿದದ್ದನ್ನು ಉಂಡವಳು. ‘ಭಾಳ ತಿಂದ್ರ ಕೂಸು ದೊಡ್ಡದಾಗತೈತಿ, ಹೆರಿಗಿ ತ್ರಾಸ ಆಗತೈತಿ’ ಎಂಬ ಹೆದರಿಕೆ ಬೇರೆ. ಏಳನೇ ತಿಂಗಳ ಕುಬಸಕ್ಕೆ ಬುತ್ತಿ ಕಟ್ಟಿಕೊಂಡು ಬಂದು ಹಸಿರು ಬಳೆ ತೊಡಿಸುತ್ತೇವೆ. ಅದು ಒಂದು ದಿನದ ಊಟ.

ಬಸುರಿಗೆಂದೇ ಬೇರೆ ಉಂಡಿ ಕಟ್ಟಬೇಕು. ಸಜ್ಜಿ ಹಿಟ್ಟು, ಎಳ್ಳು, ಗುರೆಳ್ಳು, ಶೇಂಗಾ ಹುರಿದು ಕುಟ್ಟಿ, ಉಂಡಿ ಹಿಡಿಯುವಷ್ಟು ಬೆಲ್ಲ ಹಾಕಿದರೆ ಸಾಕು. ಪಾಲಿಶ್ ಅಕ್ಕಿಯಲ್ಲಿ 100 ಗ್ರಾಂಗೆ 1 ಮಿಲಿಗ್ರಾಂ ಕಬ್ಬಿಣಾಂಶವೂ ಇಲ್ಲ, ಸಜ್ಜಿಯಲ್ಲಿ 6ಕ್ಕೂ ಹೆಚ್ಚು. ಎಳ್ಳು, ಗುರೆಳ್ಳಿನಲ್ಲಿ ಅದಕ್ಕಿಂತ ಹೆಚ್ಚು. ಬಾಣಂತಿಗೆ ಕೊಡುವ ಅಳವಿ ಬೀಜವನ್ನು ಮಾತ್ರ ಬಸುರಿಗೆ ಕೊಡಬಾರದು ಎಂಬ ಹಿರಿಯರ ವಾಡಿಕೆಯನ್ನು ಹಾಗೇ ಪಾಲಿಸೋಣ. ರೊಟ್ಟಿಯ ಜೊತೆ ಪುಂಡಿಪಲ್ಲೆ, ಮೆಂತ್ಯಪಲ್ಲೆ, ಮೊಳಕೆ ಬರಿಸಿದ ಮಡಕಿ ಕಾಳು ಇರಲಿ, ಮೇಲೆ ಅರ್ಧ ಲಿಂಬೆ ಹಿಂಡಿರಿ. ಕಾಳು–ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ಆ ಹುಳಿ ಬೇಕೇ ಬೇಕು. ಉಂಡ ಕೂಡಲೇ ಕುಡಿಯುವ ಚಹಾ ಅದನ್ನೆಲ್ಲ ಕೆಡಿಸುತ್ತದೆ. ಚಹಾ ಬಿಡಲಾಗದಿದ್ದರೆ ಊಟವಾಗಿ ಒಂದು ತಾಸು ಬಿಟ್ಟು ಕುಡಿಯಲಿ.

ಈ ಸಾಮಾನೆಲ್ಲ ಒಂದು ಕಾಲಕ್ಕೆ ಹೊಲದಿಂದಲೇ ಮನೆಗೆ ಬರುತ್ತಿತ್ತು. ಜೋಳದ ಹೊಲದ ಅಕ್ಕಡಿ ಸಾಲಿನಲ್ಲಿ ಗುರೆಳ್ಳು, ಹೆಸರು, ಮಡಕಿ, ಪುಂಡಿ ಬೆಳೆಯುತ್ತಿದ್ದವು. ನೀರಾವರಿ ಬಂತು, ಸಕ್ಕರೆ ಕಾರ್ಖಾನೆಗಳು ಬಂದವು, ಬದುವಿನವರೆಗೂ ಕಬ್ಬು ಹಬ್ಬಿತು. ಕೈಗೆ ದುಡ್ಡು ಬಂದದ್ದು ನಿಜ. ಅಕ್ಕಡಿ ಸಾಲು ಹೋದದ್ದೂ ಅಷ್ಟೇ ನಿಜ. ಗುರೆಳ್ಳನ್ನು ಈಗ ಸಂತೆಯಲ್ಲಿ ಕೊಳ್ಳಬೇಕು, ಸಂತೆಯ ದುಡ್ಡು ಗಂಡಸರ ಕೈಯಲ್ಲಿ.

ಇನ್ನೊಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಉಂಡಿ ಗುಳಿಗೆಯ ಬದಲಿಯಲ್ಲ. ಸರ್ಕಾರ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವಿದೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ನುಂಗಬೇಕು. ರಕ್ತ ಆಗಲೇ ಇಳಿದಿದ್ದರೆ ಬರೀ ಊಟದಿಂದ ಏರಿಸಲು ಆಗುವುದಿಲ್ಲ. ಗುಳಿಗೆ ತಿಂದರೆ ಕೂಸು ಕರ್ರಗಾಗುವುದಿಲ್ಲ, ಮಲ ಕಪ್ಪಾಗುತ್ತದೆ, ಅಷ್ಟೇ. ಹೊಟ್ಟೆ ಕಟ್ಟಿದರೆ, ಓಕರಿಕೆ ಬಂದರೆ ಗುಳಿಗೆಯನ್ನು ಮಾಡಿನ ಸಂದಿಗೆ ಸಿಕ್ಕಿಸಿಡದೆ ಆಶಾ ಕಾರ್ಯಕರ್ತೆಗೆ ಹೇಳಬೇಕು. ಕ್ಯಾಲ್ಸಿಯಂ ಗುಳಿಗೆಯನ್ನು ಇದರ ಜೊತೆಗೇ ನುಂಗಬಾರದು. ಒಂದು ಮಧ್ಯಾಹ್ನಕ್ಕಾದರೆ ಇನ್ನೊಂದು ರಾತ್ರಿಗೆ.

ಉಂಡಿ ಬಸುರಾದ ಮೇಲೆ ಶುರುವಾದರೂ ತಡವೇ. ನೆರೆಯ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಕಾಂಗೊ, ಗ್ವಾಟೆಮಾಲಾ, ಪಾಕಿಸ್ತಾನದ ಸಂಶೋಧಕರ ಜೊತೆ ಸೇರಿ ನಡೆಸಿದ ಅಧ್ಯಯನದಲ್ಲಿ ಕೆಲವರಿಗೆ ಬಸುರಾಗುವ ಮುಂಚಿನಿಂದಲೇ, ಕೆಲವರಿಗೆ ಮೂರನೇ ತಿಂಗಳ ಹೊತ್ತಿಗೆ ಪೂರಕ ಆಹಾರ ಕೊಟ್ಟರು. 2019ರಲ್ಲಿ ಫಲಿತಾಂಶ ಬಂತು: ಪೂರಕ ಆಹಾರ ತಿಂದ ತಾಯಂದಿರ ಕೂಸುಗಳು ತಿನ್ನದವರ ಕೂಸುಗಳಿಗಿಂತ ತುಸು ಉದ್ದವಾಗಿ ಹುಟ್ಟಿದ್ದವು. ಅದು ರಕ್ತದ ಲೆಕ್ಕವಲ್ಲ, ಬೆಳವಣಿಗೆಯ ಲೆಕ್ಕ. ಆದರೂ ಹೊತ್ತಿಗೆ ಮುಂಚೆ ಕೊಟ್ಟ ತುತ್ತು ವ್ಯರ್ಥವಾಗುವುದಿಲ್ಲ ಎಂಬುದಕ್ಕೆ ಸಾಕ್ಷಿ.

ನಮ್ಮ ರಾಜ್ಯದ ಮಾತೃಪೂರ್ಣ ಯೋಜನೆ ಶುರುವಾದದ್ದು 2017ರ ಅಕ್ಟೋಬರ್ 2ರಂದು. ಅಂಗನವಾಡಿಯಲ್ಲೇ ಅನ್ನ, ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಕೊಟ್ಟು, ಕಣ್ಣೆದುರೇ ಗುಳಿಗೆ ನುಂಗಿಸುವ ವಿಚಾರ ಬಹಳ ಒಳ್ಳೆಯದು. ಆದರೆ ತುಂಬು ಬಸುರಿ ತೋಟದ ಮನೆಯಿಂದ ಬಿಸಿಲಲ್ಲಿ ನಡೆದು ಬರಬೇಕು. ಕಬ್ಬು ಕಡಿಯುವ ಗ್ಯಾಂಗಿನ ಹೆಣ್ಣುಮಗಳಂತೂ ಇಂದು ಈ ಊರು, ನಾಳೆ ಆ ಊರು. ಅವಳ ಹೆಸರು ಯಾವ ಅಂಗನವಾಡಿಯ ಪಟ್ಟಿಯಲ್ಲಿದೆ ಎಂದು ಹುಡುಕುವವರು ಯಾರು?

ಚಿಕ್ಕಿಯ ಜಾಗದಲ್ಲಿ ಸಜ್ಜಿ–ಎಳ್ಳು–ಗುರೆಳ್ಳಿನ ಉಂಡಿ ಬರಲಿ, ಅದನ್ನು ಕಟ್ಟುವ ಕೆಲಸ ಊರಿನ ಸ್ತ್ರೀಶಕ್ತಿ ಸಂಘಗಳಿಗೇ ಸಿಗಲಿ. ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮಿನಲ್ಲಿ ಗ್ಯಾಂಗಿನ ಬಸುರಿಯರಿಗೆ ಉಂಡಿ, ಗುಳಿಗೆ, ರಕ್ತ ಪರೀಕ್ಷೆ ಮೂರನ್ನೂ ಬಿಡಾರಕ್ಕೇ ಮುಟ್ಟಿಸಲಿ. ಮನೆಯಲ್ಲಿ ಸೊಸೆ ಬಸುರಿಯಾಗಿದ್ದರೆ ಅತ್ತೆಯಂದಿರೇ, ಹೆರಿಗೆಯವರೆಗೆ ಕಾಯಬೇಡಿ. ಈ ವಾರದ ಸಂತೆಯಲ್ಲೇ ಪಾವು ಎಳ್ಳು, ಪಾವು ಗುರೆಳ್ಳು ತನ್ನಿ, ಮತ್ತು ಸೊಸೆಯನ್ನು ಎಲ್ಲರ ಜೊತೆಗೇ ಊಟಕ್ಕೆ ಕೂರಿಸಿ.