ನಿಧಾನವಾಗಿ ಓಡುವವನನ್ನು ಕಂಡು ನಗಬೇಡಿ

ಕಳೆದ ತಿಂಗಳು ನನ್ನ ಹಳೆಯ ಶಿಷ್ಯನೊಬ್ಬ ಬೆಂಗಳೂರಿನಿಂದ ಬಂದವನು ಊರುಗೋಲು ಹಿಡಿದು ನಮ್ಮ ಮನೆಯ ಜಗಲಿ ಹತ್ತಿದ. ವಯಸ್ಸು ನಲವತ್ತಮೂರು. ತೂಕ ಇಳಿಸಬೇಕೆಂದು ವೈದ್ಯರು ಹೇಳಿದ ಮರುದಿನವೇ ಬೂಟು ಕೊಂಡನಂತೆ. ಮೂರನೆಯ ವಾರಕ್ಕೆ ದಿನವೂ ಆರು ಕಿಲೋಮೀಟರು, ಐದನೆಯ ವಾರಕ್ಕೆ ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು. "ನೋವು ಶುರುವಾದಾಗಲೇ ನಿಲ್ಲಿಸಬೇಕಿತ್ತಲ್ಲ ಮಾರಾಯ?" ಎಂದೆ. "ನಿಂತವ ಸೋತ ಅಂತ ನೀವೇ ಹೇಳಿಕೊಟ್ಟದ್ದಲ್ವಾ ಸರ್?" ಎಂದ. ಅವನು ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

ಹೇಳಿಕೊಟ್ಟದ್ದು ನಿಜ. ದೈಹಿಕ ಶಿಕ್ಷಣದ ಶಿಕ್ಷಕರಿಲ್ಲದ ಶಾಲೆಯಲ್ಲಿ ಕನ್ನಡ ಪಾಠದ ಜೊತೆಗೆ ಸೀಟಿಯೂ ನನ್ನ ಕೊರಳಿಗೇ ಬಿದ್ದಿತ್ತು. ವಲಯಮಟ್ಟದ ಕ್ರೀಡಾಕೂಟಕ್ಕೆ ಎಂಟು ದಿನವಿರುವಾಗ ನಮಗೆ ಎಚ್ಚರವಾಗುತ್ತಿತ್ತು. ಮುರಕಲ್ಲಿನ ಗಟ್ಟಿ ಮೈದಾನದಲ್ಲಿ ಮಕ್ಕಳನ್ನು ಬರಿಗಾಲಲ್ಲಿ ಸುತ್ತು ಹೊಡೆಸುತ್ತಿದ್ದೆ. ಕಾಲು ನೋಯುತ್ತದೆ ಎಂದವನು ಸೋಮಾರಿ. ತಡವಾಗಿ ಬಂದವನಿಗೂ ಓಟವೇ ಶಿಕ್ಷೆ. ಓಟವೆಂದರೆ ಒಂದೋ ಸ್ಪರ್ಧೆ, ಇಲ್ಲವೇ ದಂಡನೆ ಎಂದು ಒಂದು ತಲೆಮಾರಿಗೇ ಕಲಿಸಿಬಿಟ್ಟೆವು. ಈ ತಪ್ಪನ್ನು ಒಪ್ಪಿಕೊಂಡೇ ನಾನು ಇಂದು ವಾದಕ್ಕಿಳಿದಿದ್ದೇನೆ.

ಹೊಸದಾಗಿ ಓಡಲು ತೊಡಗಿದವರಿಗೆ ಮೋಸ ಮಾಡುವುದು ಅವರ ಉಸಿರು. ಕೆಲವೇ ವಾರಗಳಲ್ಲಿ ಹೃದಯ ಮತ್ತು ಶ್ವಾಸಕೋಶಗಳು ಪಳಗುತ್ತವೆ, ಏದುಸಿರು ಕಡಿಮೆಯಾಗುತ್ತದೆ, ಇನ್ನೂ ಓಡಬಲ್ಲೆ ಎಂಬ ಹುಮ್ಮಸ್ಸು ಬರುತ್ತದೆ. ಆದರೆ ಸ್ನಾಯುವನ್ನು ಎಲುಬಿಗೆ ಬಿಗಿದಿರುವ ಸ್ನಾಯುರಜ್ಜುವಿಗೂ ಎಲುಬಿಗೂ ಗಟ್ಟಿಯಾಗಲು ತಿಂಗಳುಗಳೇ ಬೇಕು. ಹೊಸ ಭಾರ ಬಿದ್ದಾಗ ಎಲುಬು ಮೊದಲು ತನ್ನ ಹಳೆಯ ಅಂಶವನ್ನು ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ಮನೆ ದುರಸ್ತಿಗೆ ಹೆಂಚು ಇಳಿಸಿದ ಹಾಗೆ. ಹೆಂಚು ಇಳಿಸಿದ ದಿನಗಳಲ್ಲೇ ನಾವು ಮಳೆ ಸುರಿಸುತ್ತೇವೆ.

"ನಮ್ಮ ಹಿರಿಯರಿಗೆ ಇದನ್ನೆಲ್ಲ ಯಾರು ಕಲಿಸಿದ್ದರು?" ಎಂದು ನನ್ನ ಸೋದರಳಿಯ ಕೇಳುತ್ತಾನೆ. ಹಿರಿಯರು ಐದನೆಯ ವಯಸ್ಸಿನಿಂದ ಗದ್ದೆಯ ಅಂಚಿನಲ್ಲಿ ನಡೆದವರು, ಹೊರೆ ಹೊತ್ತವರು. ಅವರ ಎಲುಬಿಗೆ ಇಪ್ಪತ್ತು ವರ್ಷಗಳ ಪೂರ್ವಸಿದ್ಧತೆ ಇತ್ತು. ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕುಳಿತವನು ಅವರ ಹೆಸರು ಹೇಳಿ ರಸ್ತೆಗಿಳಿಯುವುದು ನ್ಯಾಯವಲ್ಲ.

ಕಂಬಳವನ್ನೂ ಮುಂದಿಡುವವರಿದ್ದಾರೆ. ನಮ್ಮ ವಂಡಾರಿನಲ್ಲೂ ತಗ್ಗರ್ಸೆಯಲ್ಲೂ ಕಂಬಳ ಉಂಟು. ಆದರೆ ದೇಶಕ್ಕೆಲ್ಲ ಸುದ್ದಿಯಾದದ್ದು 2020ರ ಫೆಬ್ರವರಿಯ ಐಕಳ ಕಂಬಳ. ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಪತ್ರಿಕೆಗಳು ಭಾಗಾಕಾರ ಮಾಡಿ ಉಸೇನ್ ಬೋಲ್ಟನನ್ನು ಹಿಂದಿಕ್ಕಿಸಿದವು. ಕೇಂದ್ರದ ಕ್ರೀಡಾ ಸಚಿವರು ಪರೀಕ್ಷೆಗೆ ಕರೆದರು. ಗೌಡರು ಹೇಳಿದ್ದೇನು? ಕಾಲಿಗೆ ಪೆಟ್ಟಾಗಿದೆ, ಕೆಸರಿನ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ. ದೇಶವೇ ಓಡು ಎನ್ನುವಾಗ ತನ್ನ ಕಾಲಿನ ಮಾತು ಕೇಳಿದ ಆ ಯುವಕನ ವಿವೇಕ ನನಗೆ ಆ ಸೆಕೆಂಡುಗಳಿಗಿಂತ ದೊಡ್ಡದಾಗಿ ಕಂಡಿತು.

ನಿಧಾನದ ಓಟ ಹೇಡಿಗಳ ಆವಿಷ್ಕಾರವಲ್ಲ. ನ್ಯೂಜಿಲೆಂಡಿನಲ್ಲಿ ಒಲಿಂಪಿಕ್ ವಿಜೇತರನ್ನು ತಯಾರಿಸಿದ ಆರ್ಥರ್ ಲಿಡಿಯಾರ್ಡ್, ಸಾಮಾನ್ಯ ಜನರನ್ನೂ ಮಾತಾಡುತ್ತ ಓಡಿಸುತ್ತಿದ್ದರು. 1962ರ ಕೊನೆಯಲ್ಲಿ ಅಲ್ಲಿಗೆ ಹೋದ ಅಮೆರಿಕದ ಹೆಸರಾಂತ ತರಬೇತುದಾರ ಬಿಲ್ ಬೋವರ್‌ಮನ್, ಎಪ್ಪತ್ತು ದಾಟಿದ, ಹೃದಯಾಘಾತ ಕಂಡಿದ್ದ ವೃದ್ಧರೊಬ್ಬರ ಜೊತೆ ಓಡಲಾಗದೆ ಹಿಂದೆ ಬಿದ್ದರು!

ಪ್ರಾಮಾಣಿಕವಾಗಿ ಇನ್ನೊಂದನ್ನೂ ಹೇಳಬೇಕು. ವಾರಕ್ಕೆ ಶೇಕಡಾ ಹತ್ತರಷ್ಟೇ ಹೆಚ್ಚಿಸಬೇಕೆಂಬ ಸೂತ್ರವನ್ನು ವೇದವಾಕ್ಯದಂತೆ ಹೇಳುವವರಿದ್ದಾರೆ. ನೆದರ್ಲೆಂಡಿನ ಗ್ರೋನಿಂಗನ್‌ನಲ್ಲಿ ಹೊಸ ಓಟಗಾರರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಈ ಸೂತ್ರದಂತೆ ಹದಿಮೂರು ವಾರ ಅಭ್ಯಾಸ ಮಾಡಿದವರಲ್ಲೂ, ಎಂಟೇ ವಾರದ ಸಾಮಾನ್ಯ ಕ್ರಮ ಅನುಸರಿಸಿದವರಲ್ಲೂ ಐವರಲ್ಲಿ ಸುಮಾರು ಒಬ್ಬರಿಗೆ ಗಾಯವಾಗಿತ್ತು. ಅಂದರೆ ಗೋಡೆಗೆ ಅಂಟಿಸಿದ ವೇಳಾಪಟ್ಟಿ ನಿಮ್ಮನ್ನು ಕಾಯುವುದಿಲ್ಲ. ಇಂದು ಪಟ್ಟಿಯಲ್ಲಿ ಓಟವಿದೆ, ಕಾಲಿನಲ್ಲಿ ನೋವೂ ಇದೆ ಎಂದಾದರೆ ಪಟ್ಟಿಯನ್ನೇ ಹರಿಯಿರಿ. ಒಂದೇ ಜಾಗದಲ್ಲಿ, ಬೆರಳಿನಿಂದ ಒತ್ತಿ ತೋರಿಸಬಹುದಾದ ನೋವು, ಅದೂ ಓಡಿದಷ್ಟು ಹೆಚ್ಚುವಂಥದು, ಸೋಮಾರಿತನವಲ್ಲ. ವೈದ್ಯರ ಬಳಿಗೆ ಹೋಗಿ.

ಊರಿನ ಮಾತಿಗೆ ಬರುತ್ತೇನೆ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಚಂದ ನೋಡಿ ಹೆದ್ದಾರಿಯಲ್ಲೇ ಓಡುತ್ತಾರೆ. ಲಾರಿಯವನಿಗೆ ಚಂದ ಕಾಣುವುದಿಲ್ಲ. ಕಡಲ ಒಣ ಮರಳಿನಲ್ಲಿ ಹಿಮ್ಮಡಿ ಹೂತು ಮೀನಖಂಡ ಎಳೆಯುತ್ತದೆ. ಒದ್ದೆ ಮರಳು ಗಟ್ಟಿ, ಆದರೆ ಇಳಿಜಾರು. ಹೋದ ದಾರಿಯಲ್ಲೇ ಮರಳಿದರೆ ಭಾರ ಒಂದೇ ಕಾಲಿಗೆ ಬೀಳದು. ಮಳೆಗಾಲದ ನಾಲ್ಕು ತಿಂಗಳು ಓಟ ನಿಲ್ಲಿಸಿದವರು ಮೇ ತಿಂಗಳಲ್ಲಿ ಬಿಟ್ಟಲ್ಲಿಂದಲೇ ಅಕ್ಟೋಬರಿನಲ್ಲಿ ಹಿಡಿಯುತ್ತಾರೆ. ನಮ್ಮ ಕರಾವಳಿಯ ವಿಶೇಷ ದಡ್ಡತನವಿದು. ಮತ್ತೆ ನಡಿಗೆಯಿಂದಲೇ ತೊಡಗಬೇಕು.

ಇನ್ನೂ ಸೇವೆಯಲ್ಲಿರುವ ಶಿಕ್ಷಕ ಮಿತ್ರರೇ, ಮಕ್ಕಳ ಓಟವನ್ನು ಕ್ರೀಡಾಕೂಟದ ಹಿಂದಿನ ವಾರ ಆರಂಭಿಸಬೇಡಿ. ಓಟವನ್ನು ಶಿಕ್ಷೆಯಾಗಿ ಕೊಡುವುದನ್ನಂತೂ ಇಂದೇ ಬಿಡಿ.

ನಾನೂ ಕುಂದಾಪುರದ ಕೋಡಿಯಲ್ಲಿ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುತ್ತೇನೆ, ದಿನ ಬಿಟ್ಟು ದಿನ. "ಎಂತ ಮಾಷ್ಟ್ರೇ, ಬಸ್ ತಪ್ಪಿ ಹೋಯ್ತಾ?" ಎಂದು ಕೇಳಿ ನಗುವವರಿದ್ದಾರೆ. ಆ ನಗುವಿಗೆ ಹೆದರಿಯೇ ಎಷ್ಟೋ ಮಂದಿ ಮೊದಲ ದಿನವೇ ವೇಗ ಹೆಚ್ಚಿಸುತ್ತಾರೆ. ವೈದ್ಯರು ಒಪ್ಪಿದ ಮೇಲೆ ನನ್ನ ಶಿಷ್ಯನೂ ಬರುತ್ತೇನೆಂದಿದ್ದಾನೆ. ದಾರಿಯುದ್ದಕ್ಕೂ ಮಾತಾಡುತ್ತಿರಬೇಕು, ಮಾತು ನಿಂತರೆ ಓಟವೂ ನಿಲ್ಲಬೇಕು ಎಂಬುದು ನನ್ನ ಷರತ್ತು. ಸೀಟಿ ತರಬಾರದೆಂಬುದು ಅವನದು.