ನಮ್ಮನ್ನು ಗುರುತಿಸದ ಜೀವವನ್ನು ಸಾಕುವಾಗ

ಹಸು ಹಾಲು ಕೊಡುತ್ತದೆ, ನಾಯಿ ಮನೆ ಕಾಯುತ್ತದೆ, ಬೆಕ್ಕು ಮನಸ್ಸು ಬಂದಾಗ ಮಡಿಲೇರುತ್ತದೆ. ಮ್ಯಾಂಟಿಸ್ ಎಂಬ ಹುಳ ಇದ್ಯಾವುದನ್ನೂ ಮಾಡುವುದಿಲ್ಲ. ಮುಂಗಾಲುಗಳನ್ನು ಕೈಮುಗಿದಂತೆ ಮಡಚಿ ಕೂತಿರುತ್ತದೆ. ನಾವು ಅಲುಗಾಡಿದರೆ ತಲೆ ತಿರುಗಿಸಿ ನೋಡುತ್ತದೆ. ಅದು ಅಕ್ಕರೆಯ ನೋಟವಲ್ಲ, ದೂರ ಅಳೆಯುವ ಬೇಟೆಗಾರನ ನೋಟ. ಹೀಗಿದ್ದೂ ಯುರೋಪ್, ಅಮೆರಿಕ, ಜಪಾನ್‌ಗಳಲ್ಲಿ ಮ್ಯಾಂಟಿಸ್, ಕಡ್ಡಿಹುಳ, ಕೊಂಬಿನ ದುಂಬಿಗಳನ್ನು, ಇರುವೆಗಳನ್ನು ಮನೆಯೊಳಗೆ ಸಾಕುವವರು ಬಹಳ ಮಂದಿ. ಇದು ಸರಿಯೇ?

ಹುಳ ಸಾಕುವ ಆಸೆ ನಮಗೂ ಹೊಸದಲ್ಲ. ಮಿರಮಿರ ಮಿಂಚುವ ಜೀರ್ಜಿಂಬೆಯನ್ನು ಬೆಂಕಿಪೊಟ್ಟಣದಲ್ಲಿಟ್ಟು, ಜಾಲಿಸೊಪ್ಪು ಹಾಕಿ, ಮೊಟ್ಟೆ ಇಡುತ್ತದೆಂದು ಕಾದ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಎಷ್ಟೋ. ಕೆಲವರು ಅದರ ಕಾಲಿಗೆ ದಾರ ಕಟ್ಟಿ ಹಾರಿಸಿದ್ದೂ ಉಂಟು. ಆ ಆಟದಲ್ಲಿ ಬೆರಗೂ ಹಿಂಸೆಯೂ ಒಟ್ಟಿಗೇ ಇದ್ದವು. ಬೆರಗನ್ನು ಉಳಿಸಿಕೊಂಡು ಹಿಂಸೆಯನ್ನು ಬಿಡಬಹುದೇ ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ. ಬಿಡಬಹುದು ಎಂದು ನಾನು ನಂಬುತ್ತೇನೆ, ಆದರೆ ಸುಲಭವಾಗಿ ಅಲ್ಲ.

ಮೊದಲು ಬಂಧನದ ಮಾತು. ಆಕಾಶದಲ್ಲಿ ಹಿಂಡುಹಿಂಡಾಗಿ ಹಾರಬೇಕಾದ ಗಿಳಿಗೆ ಪಂಜರ ಶಿಕ್ಷೆಯೇ. ಆದರೆ ಮ್ಯಾಂಟಿಸ್ ಹೊಂಚು ಹಾಕಿ ಬದುಕುವ ಜೀವಿ. ಕಾಡಿನಲ್ಲೂ ಒಂದೇ ರೆಂಬೆಯ ಮೇಲೆ ಗಂಟೆಗಟ್ಟಲೆ ಕದಲದೆ ಕೂರುತ್ತದೆ. ಅದಕ್ಕೆ ತಕ್ಕಷ್ಟು ದೊಡ್ಡ ಪೆಟ್ಟಿಗೆ ಸೆರೆಮನೆಯಾಗಲಾರದು. ಕೆರೆಯ ಮೇಲೆ ಸುತ್ತುವ ಕೊಡತಿ ಹುಳಕ್ಕೆ ಈ ಮಾತು ಒಪ್ಪುವುದಿಲ್ಲ, ಅದನ್ನು ಸಾಕಲೇಬಾರದು. ಆದ್ದರಿಂದ ಎಲ್ಲ ಹುಳಗಳಿಗೂ ಒಂದೇ ತೀರ್ಪು ಕೊಡಲಾಗದು. ಆಯಾ ಜೀವಿಯ ಬದುಕಿನ ರೀತಿಯನ್ನೇ ಕೇಳಬೇಕು.

ಮ್ಯಾಂಟಿಸ್‌ನ ಬದುಕಿನಲ್ಲಿ ಅತಿ ಕಷ್ಟದ ಗಳಿಗೆ ಪೊರೆ ಬಿಡುವುದು. ಬೆಳೆಯುವಾಗ ಹಲವು ಸಲ ಅದು ತಲೆಕೆಳಗಾಗಿ ನೇತಾಡಿ ಹಳೆಯ ಚರ್ಮದಿಂದ ಜಾರಿ ಹೊರಬರುತ್ತದೆ. ಅದಕ್ಕಾಗಿ ಪೆಟ್ಟಿಗೆ ಅದರ ಮೈಯುದ್ದದ ಮೂರು ಪಟ್ಟಾದರೂ ಎತ್ತರವಿರಬೇಕು, ಹಿಡಿದುಕೊಳ್ಳಲು ಮೇಲೆ ಒರಟು ಬಲೆಯಿರಬೇಕು, ಗಾಳಿಯಲ್ಲಿ ತೇವ ಇರಬೇಕು. ಆ ಹೊತ್ತಿನಲ್ಲಿ ಕೆಳಗೆ ಬಿದ್ದರೆ ಮೆತ್ತಗಿನ ಮೈ ಸೊಟ್ಟಗೇ ಗಟ್ಟಿಯಾಗುತ್ತದೆ. ಬಹುಪಾಲು ಅಲ್ಲಿಗೆ ಮುಗಿಯಿತು. ಪೊರೆ ಬಿಡುವ ಮುನ್ನ ಅದು ಊಟ ಬಿಡುತ್ತದೆ. ಕನಿಕರದಿಂದ ಒಳಗೆ ಬಿಟ್ಟ ಚಿಮ್ಮಂಡೆ ಅದನ್ನೇ ಕಚ್ಚಿ ತಿನ್ನಬಹುದು. ಇಲ್ಲಿ ಪ್ರೀತಿಗಿಂತ ಸುಮ್ಮನಿರುವ ಶಿಸ್ತು ದೊಡ್ಡದು. ನಮ್ಮನ್ನು ಪ್ರೀತಿಸದ ಜೀವವೊಂದರ ಅಗತ್ಯವನ್ನು ಅದರ ಲೆಕ್ಕದಲ್ಲೇ ಅರಿಯುವುದು ಮಗುವಿಗಾಗಲಿ ದೊಡ್ಡವರಿಗಾಗಲಿ ದೊಡ್ಡ ಪಾಠ, ಹುಳ ಸಾಕುವುದರ ಪರವಾಗಿ ನನಗೆ ಕಾಣುವ ಅತ್ಯಂತ ಬಲವಾದ ಕಾರಣವೂ ಇದೇ.

ಹುಳಕ್ಕೆ ನೋವೇನು ಗೊತ್ತು ಎಂದು ತಳ್ಳಿಹಾಕುವವರಿದ್ದಾರೆ. ಅಷ್ಟು ನಿಶ್ಚಿಂತೆಯಿಂದ ಹೇಳುವ ಕಾಲ ಮುಗಿಯುತ್ತಿದೆ. ನೋವಿಗೆ ನೇರ ಸಾಕ್ಷಿಯಲ್ಲದಿದ್ದರೂ, ಹುಳದ ಒಳಬದುಕು ನಾವೆಣಿಸಿದಷ್ಟು ಸರಳವಲ್ಲ ಎಂಬ ಸುಳಿವುಗಳು ಸಿಗುತ್ತಿವೆ. 2016ರಲ್ಲಿ ಬ್ರಿಟನ್ನಿನ ನ್ಯೂಕಾಸಲ್ ವಿಶ್ವವಿದ್ಯಾಲಯದವರು ಮ್ಯಾಂಟಿಸ್‌ಗಳಿಗೆ ಜೇನುಮೇಣದಿಂದ ಪುಟ್ಟ ಕನ್ನಡಕ ಅಂಟಿಸಿ, ಅವೂ ಎರಡು ಕಣ್ಣುಗಳ ನೋಟ ಕೂಡಿಸಿ ದೂರ ಅರಿಯುತ್ತವೆ ಎಂದು ತೋರಿಸಿದರು. 2022ರಲ್ಲಿ ಲಂಡನ್ನಿನ ಸಂಶೋಧಕರು, ಬಂಬಲ್ ಬೀ ಎಂಬ ದುಂಡು ದುಂಬಿಗಳು ಯಾವ ಲಾಭವೂ ಇಲ್ಲದೆ ಮರದ ಚೆಂಡುಗಳನ್ನು ಮತ್ತೆಮತ್ತೆ ಉರುಳಿಸುವುದನ್ನು ಕಂಡರು. ಅದೇ ವರ್ಷ ಬ್ರಿಟನ್ ಏಡಿ, ಆಕ್ಟೋಪಸ್‌ಗಳನ್ನು ಸಂವೇದನೆಯುಳ್ಳ ಪ್ರಾಣಿಗಳೆಂದು ಕಾನೂನಿನಲ್ಲಿ ಒಪ್ಪಿಕೊಂಡಿತು. ಕೀಟಗಳು ಇನ್ನೂ ಹೊರಗೇ ಉಳಿದಿವೆ. ಅನುಮಾನವಿರುವಲ್ಲಿ ಕರುಣೆಯ ಕಡೆಗೆ ವಾಲುವುದೇ ನ್ಯಾಯ. ಒಂದು ಮ್ಯಾಂಟಿಸ್ ಬದುಕಲು ಎಷ್ಟೋ ನೊಣ, ಚಿಮ್ಮಂಡೆಗಳು ಸಾಯಬೇಕು; ಸಾಕುವವರು ಆ ಸಾವುಗಳನ್ನೂ ತಮ್ಮ ಲೆಕ್ಕಕ್ಕೆ ಬರೆದುಕೊಳ್ಳಬೇಕು.

ಆದರೆ ನನ್ನನ್ನು ಹೆಚ್ಚು ಕಾಡುವುದು ಪೆಟ್ಟಿಗೆಯಲ್ಲ, ಪೇಟೆ. 2025ರಲ್ಲಿ ಕೀನ್ಯಾದಲ್ಲಿ ಬೆಲ್ಜಿಯಂನ ಇಬ್ಬರು ಹದಿಹರೆಯದವರು ಸುಮಾರು 5,000 ರಾಣಿ ಇರುವೆಗಳೊಂದಿಗೆ ಸಿಕ್ಕಿಬಿದ್ದರು. ಹತ್ತಿ ತುರುಕಿದ ಕೊಳವೆಗಳಲ್ಲಿ ಅವುಗಳನ್ನು ಸಾಗಿಸುವ ಸಿದ್ಧತೆ ನಡೆದಿತ್ತು. ಆನೆದಂತಕ್ಕೆ ಹೆಸರಾದ ನಾಡಿನಲ್ಲಿ ಇರುವೆಯ ಕಳ್ಳಸಾಗಣೆ! ಒಂದು ರಾಣಿ ಹೋದರೆ ಮುಂದೆ ಹುಟ್ಟಬೇಕಾದ ಒಂದು ಇಡೀ ಗೂಡೇ ಹೋದಂತೆ. ನಮ್ಮಲ್ಲೂ 2008ರಲ್ಲಿ ಡಾರ್ಜಿಲಿಂಗ್ ಬಳಿಯ ಸಿಂಗಲೀಲಾ ರಾಷ್ಟ್ರೀಯ ಉದ್ಯಾನದಿಂದ ಕೀಟಗಳನ್ನು ಹಿಡಿದ ಇಬ್ಬರು ಚೆಕ್ ಪ್ರಜೆಗಳ ಬಂಧನವಾಗಿತ್ತು. ಜಪಾನ್ 1999ರಲ್ಲಿ ಹೊರದೇಶದ ಕೊಂಬಿನ ದುಂಬಿಗಳ ಆಮದಿಗೆ ಬಾಗಿಲು ತೆರೆದ ಮೇಲೆ, ತಪ್ಪಿಸಿಕೊಂಡ ಹೊರಗಿನ ದುಂಬಿಗಳು ಸ್ಥಳೀಯ ತಳಿಗಳೊಂದಿಗೆ ಬೆರೆಯುವ ಭಯ ಶುರುವಾಯಿತು.

ಕಾಡಿಗೆ ಕೈ ಹಾಕದೆಯೂ ಸಾಕಬಹುದು ಎಂಬುದಕ್ಕೆ ಸಾಕ್ಷಿ ನಮ್ಮ ಪಕ್ಕದಿಂದಲೇ ಹೋಗಿದೆ. ಯುರೋಪಿನ ಶಾಲೆಗಳಲ್ಲಿ ಸಾಕುವ ಸಾಮಾನ್ಯ ಕಡ್ಡಿಹುಳದ ಮೂಲ ಕೊಡೈಕನಾಲ್ ಬಳಿಯ ಶೆಂಬಗನೂರು. ಗಂಡಿಲ್ಲದೆಯೇ ಹೆಣ್ಣು ಮೊಟ್ಟೆಯಿಟ್ಟು ಮರಿ ಮಾಡುವ ಈ ಹುಳ ನೂರು ವರ್ಷಕ್ಕೂ ಮೀರಿ ಯುರೋಪಿನ ಗಾಜಿನ ಪೆಟ್ಟಿಗೆಗಳಲ್ಲೇ ವಂಶ ಬೆಳೆಸುತ್ತಿದೆ. ದಕ್ಷಿಣ ಭಾರತ, ಶ್ರೀಲಂಕಾಗಳ ಪಿಟೀಲು ಮ್ಯಾಂಟಿಸ್ ಕೂಡ ಹೊರದೇಶಗಳಲ್ಲಿ ಸಾಕಣೆಯಲ್ಲಿ ಮರಿ ಮಾಡುತ್ತದೆ. ಆದರೆ ಹೊರಬಿದ್ದ ಅದೇ ಕಡ್ಡಿಹುಳ ಕ್ಯಾಲಿಫೋರ್ನಿಯಾದಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ನೆಲೆಯೂರಿದೆ.

ಹೀಗಾಗಿ ನನ್ನ ನಿಲುವು ಇಷ್ಟು. ಸಾಕಣೆಯಲ್ಲೇ ಹುಟ್ಟಿದ ಹುಳವಾದರೆ, ಅದರ ಬದುಕನ್ನು ಓದಿಕೊಂಡವರು ಸಾಕಲಿ. ಹೊರನಾಡಿನದನ್ನು ಎಂದೂ ಹೊರಗೆ ಬಿಡದಿರಲಿ. ಕಾಡಿನಿಂದ ಹಿಡಿದು ತಂದದ್ದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮಕ್ಕಳು ಹುಳ ಬೇಕೆಂದರೆ, ಮೊದಲು ಬೇಲಿಯ ಗಿಡದಲ್ಲಿ ಕೂತ ಮ್ಯಾಂಟಿಸ್ ಅನ್ನು ಕೂತಲ್ಲೇ ತೋರಿಸಿ, ಅವರ ಜೊತೆ ನೀವೂ ಕೂತು ನೋಡಿ.