ಕಾಲಿದ್ದವರಿಗೇಕೆ ಗಾಲಿಕುರ್ಚಿ?

ಇತ್ತಿತ್ತಲಾಗಿ ನಮ್ಮ ಪಟ್ಟಣಗಳ ಸುಶಿಕ್ಷಿತರಿಗೆ ನಗಲಿಕ್ಕೆ ಒಂದು ಹೊಸ ವಿಷಯ ದೊರೆತಿದೆ. ಅಮೆರಿಕಕ್ಕೋ ಇಂಗ್ಲೆಂಡಿಗೋ ಹೊರಟ ವಿಮಾನದ ಬಾಗಿಲಲ್ಲಿ ಗಾಲಿಕುರ್ಚಿಗಳ ದೊಡ್ಡ ಸಾಲೇ ನಿಂತಿರುತ್ತದಂತೆ. ಅವುಗಳಲ್ಲಿ ಕುಳಿತ ಮುದುಕ ಮುದುಕಿಯರು ಎಲ್ಲರಿಗಿಂತ ಮೊದಲು ಒಳಗೆ ಹೋಗುತ್ತಾರಂತೆ. ವಿಮಾನ ಇಳಿದು ಮಗನ ಮುಖ ಕಂಡ ಕೂಡಲೆ ಕುರ್ಚಿ ಬಿಟ್ಟೆದ್ದು ಸರಸರನೆ ನಡೆಯುತ್ತಾರಂತೆ. ಇದನ್ನು ‘ಆಕಾಶಮಾರ್ಗದ ಪವಾಡ’ವೆಂದು ಕರೆದು, ಚಿತ್ರ ತೆಗೆದು ಮೊಬೈಲಿನಲ್ಲಿ ಊರೆಲ್ಲ ಹಂಚಿ, ನಮ್ಮ ಜನರ ಅಪ್ರಾಮಾಣಿಕತೆಗೆ ಬೇರೆ ಸಾಕ್ಷಿ ಬೇಕೆ ಎಂದು ಕೇಳುವ ಮಹನೀಯರ ಸಂಖ್ಯೆ ದಿನದಿನಕ್ಕೆ ಬೆಳೆಯುತ್ತಿದೆ.

ಈ ನಗೆಯಲ್ಲಿ ನಾನು ಪಾಲುಗೊಳ್ಳಲಾರೆ. ಕುರ್ಚಿಯಲ್ಲಿ ಕುಳಿತವರು ಯಾರು, ಏಕೆ ಕುಳಿತರು ಎಂಬುದನ್ನು ಕೇಳದೆ ನಕ್ಕರೆ ಅದು ವಿನೋದವಾಗುವುದಿಲ್ಲ, ಬರಿಯ ಗರ್ವವಾಗುತ್ತದೆ.

ನಮ್ಮ ಕಡೆಯ ಮಾತನ್ನೇ ತೆಗೆದುಕೊಳ್ಳಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ—ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಿಂದ ಓದಲು ಹೋದ ಹುಡುಗರು ಬೆಂಗಳೂರಿನಲ್ಲಿ ನಿಲ್ಲಲಿಲ್ಲ. ಡಲ್ಲಾಸ್, ಷಿಕಾಗೋ, ಲಂಡನ್ನುಗಳಲ್ಲಿ ಮನೆ ಮಾಡಿದ್ದಾರೆ. ಸೊಸೆ ಬಸುರಿಯಾದಳು, ಮಗಳ ಬಾಣಂತನ ಬಂತು. ಆಗ ತಾಯಿ ಹೋಗಲೇಬೇಕು. ತಂದೆ ಹೊಲ ಬಿಟ್ಟು ಬರಲಾರ, ಕೆಲವು ಮನೆಗಳಲ್ಲಿ ತಂದೆಯೇ ಇಲ್ಲ. ಅರವತ್ತೈದರ ಹೆಣ್ಣುಮಗಳು ಒಬ್ಬಳೇ, ಇಳಕಲ್ಲ ಸೀರೆ ಉಟ್ಟು, ಚಟ್ನಿಪುಡಿ, ಖಡಕ್ ರೊಟ್ಟಿ, ಶೇಂಗಾದ ಹೋಳಿಗೆಗಳ ಗಂಟು ಕಟ್ಟಿಕೊಂಡು ಭೂಮಂಡಲದ ಆ ಕಡೆಗೆ ಹೊರಡುತ್ತಾಳೆ. ಇವಳಿಗೆ ಕಾಲಿಲ್ಲವೆ? ಬೆಳಕು ಹರಿಯುವ ಮೊದಲೇ ಎದ್ದು ಬಿಳಿಜೋಳ ಕೀಳಲಿಕ್ಕೆ ಹೋದವಳು ಇವಳು. ಯುಗಾದಿಯ ಮುಂಚೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ನೂರಾರು ಕಿಲೋಮೀಟರು ನಡೆದು ಹೋಗುವ ಕಂಬಿಯ ಜನರಲ್ಲಿ ಇಂಥವರು ಎಷ್ಟೋ ಮಂದಿ. ವಿಮಾನ ನಿಲ್ದಾಣದ ನುಣುಪು ನೆಲದ ಮೇಲೆ ಒಂದು ಕಿಲೋಮೀಟರು ನಡೆಯಲಾರದ ಕಾಲುಗಳಲ್ಲ ಇವು.

ಇಂಥ ತಾಯಿಯೊಬ್ಬರನ್ನು, ಇಂಡಿ ತಾಲ್ಲೂಕಿನವರನ್ನು, ಗಾಲಿಕುರ್ಚಿಯ ಮಾತೆತ್ತಿ ಕೇಳಿದೆ. ಅವರ ಉತ್ತರ ಒಂದೇ ಸಾಲಿನದು: “ಕಾಲು ಅದಾವ್ರಿ ಸರ, ಬಾಯಿ ಇಲ್ಲ ನೋಡ್ರಿ.”

ವಾದದ ತಿರುಳೆಲ್ಲ ಇಷ್ಟೇ. ಕುರ್ಚಿ ಬೇಕಾದದ್ದು ಕಾಲಿಗಲ್ಲ, ಮಾತಿಗೆ. ಕುರ್ಚಿಯ ಹಿಂದೆ ಅದನ್ನು ತಳ್ಳುವವನೊಬ್ಬನಿರುತ್ತಾನೆ. ಅವನಿಗೆ ದಾರಿ ಗೊತ್ತು, ಫಲಕ ಓದಲು ಬರುತ್ತದೆ, ಅಧಿಕಾರಿ ಕೇಳಿದ್ದಕ್ಕೆ ಉತ್ತರ ಹೇಳಬಲ್ಲ. ತಾಯಿ ಕೊಂಡದ್ದು ಆ ಮನುಷ್ಯನನ್ನು. ಅವನು ಕುರ್ಚಿಯೊಡನೆ ಮಾತ್ರ ಸಿಗುತ್ತಾನೆಂದು ಅವಳಿಗೆ ಹೇಳಲಾಗಿದೆ, ಆದುದರಿಂದ ಕುಳಿತಿದ್ದಾಳೆ.

‘ಹಳ್ಳಿಯವರಿಗೆ ತಿಳಿವಳಿಕೆ ಸಾಲದು, ವಿಮಾನ ಬದಲಿಸುವುದೆಂದರೆ ಬಸ್ಸು ಹತ್ತಿದಂತಲ್ಲ’ ಎಂದು ಇಲ್ಲಿ ಯಾರಾದರೂ ಅಡ್ಡ ಬರಬಹುದು. ಅಂಥವರಿಗೆ ಹೋಟಗಿಯ ಕತೆ ಹೇಳಬೇಕಾಗುತ್ತದೆ. 1884ರಲ್ಲಿ ಗದಗಿನಿಂದ ಹೋಟಗಿಯವರೆಗೆ ಸದರ್ನ್ ಮರಾಠಾ ರೈಲ್ವೆ ಹಾಕಿದ್ದು ಮೀಟರ್ ಗೇಜು. ಹೋಟಗಿಯಲ್ಲಿ ಅದನ್ನು ಕೂಡುವ ಮುಂಬಯಿ–ಮದರಾಸಿನ ದಾರಿ ಐದೂವರೆ ಅಡಿಯ ಬ್ರಾಡ್‌ಗೇಜು. ಎರಡು ಅಳತೆಯ ಹಳಿ, ಎರಡು ಅಳತೆಯ ಡಬ್ಬಿ. ಆ ಕಾರಣದಿಂದ ನಮ್ಮ ಜಿಲ್ಲೆಯವರು ಮುಂಬಯಿಗೋ ಪುಣೆಗೋ ಹೋಗಬೇಕಾದರೆ ಹೋಟಗಿಯಲ್ಲೋ ಸೊಲ್ಲಾಪುರದಲ್ಲೋ ಇಳಿದು, ಗಂಟುಮೂಟೆ ಹೊತ್ತು, ಗಾಡಿ ಬದಲಿಸಿ, ಮುಂದಿನ ಗಾಡಿಗಾಗಿ ರಾತ್ರಿಯೆಲ್ಲ ಕಾಯ್ದು ಹೋಗಬೇಕಾಗಿತ್ತು. ಹಳಿ ಅಗಲ ಮಾಡುವ ಕೆಲಸ ಪೂರ್ಣವಾಗಿ ಮುಗಿದದ್ದು ಈ ಶತಮಾನದಲ್ಲಿ. ಅಂದರೆ ನೂರು ವರ್ಷಕ್ಕೂ ಮೇಲ್ಪಟ್ಟು ನಮ್ಮ ಅಜ್ಜ ಅಜ್ಜಿಯರು ಇದನ್ನೇ ಮಾಡಿದರು. ಅವರಲ್ಲಿ ಬಹುಮಂದಿಗೆ ತಮ್ಮ ಹೆಸರು ಬರೆಯಲೂ ಬರುತ್ತಿರಲಿಲ್ಲ. ಯಾರೂ ಕುರ್ಚಿ ಬೇಡಲಿಲ್ಲ.

ಹೇಗೆ ಸಾಧ್ಯವಾಯಿತು? ಹೋಟಗಿಯಲ್ಲಿ ಹಮಾಲನಿಗೆ ಕನ್ನಡ ಬರುತ್ತಿತ್ತು. ಚಹಾ ಮಾರುವವನಿಗೆ ಬರುತ್ತಿತ್ತು. ಸೊಲ್ಲಾಪುರ ಎಂದರೆ ಸಿದ್ಧರಾಮನ ಸೊನ್ನಲಿಗೆ. ಜಯದೇವಿತಾಯಿ ಲಿಗಾಡೆಯವರ ಊರು. ಅಲ್ಲಿಯ ಪೇಟೆಯಲ್ಲಿ ಇಂದಿಗೂ ಕನ್ನಡದಲ್ಲಿ ಚೌಕಾಸಿ ನಡೆಯುತ್ತದೆ. “ಯಪ್ಪಾ, ಪುಣೆ ಗಾಡಿ ಯಾವ ಕಡೆ ಬರ್ತೈತಿ?” ಎಂದು ಕೇಳಿದರೆ ಹತ್ತು ಜನ ಕೈ ತೋರಿಸುತ್ತಿದ್ದರು. ಗಾಡಿ ಬದಲಿಸುವ ಬುದ್ಧಿ ನಮ್ಮ ಜನರಿಗೆ ಹೊಸತಲ್ಲ. ದೋಹಾದಲ್ಲಿ ಆ ಹತ್ತು ಕೈಗಳಿಲ್ಲ, ಅಷ್ಟೇ ವ್ಯತ್ಯಾಸ.

(ದುಬೈಯಲ್ಲಿ ಸ್ವಲ್ಪ ಮಟ್ಟಿಗೆ ಇವೆ ಎನ್ನಬೇಕು. ನಮ್ಮ ವಿಜಾಪುರದ ಕಡೆಯ ಹೆಂಗಸರಿಗೆ ಸಂತೆಯಲ್ಲಿ ಕಲಿತ ದಖನಿಯ ನಾಲ್ಕು ಮಾತು ಬರುತ್ತವೆ. ಆದಿಲಶಾಹಿಯಿಂದ ಉಳಿದು ಬಂದ ಆ ನಾಲ್ಕು ಮಾತು ಕೊಲ್ಲಿಯ ನಿಲ್ದಾಣದಲ್ಲಿ ನೆಲ ಒರೆಸುವ, ಸಾಮಾನು ಹೊರುವ ನಮ್ಮ ದೇಶದವರೊಡನೆ ಕೆಲಸಕ್ಕೆ ಬೀಳುತ್ತವೆ. ಫ್ರಾಂಕ್‌ಫರ್ಟಿನಲ್ಲಿ ಬೀಳುವುದಿಲ್ಲ.)

ವಿಮಾನ ಬದಲಿಸುವುದರಲ್ಲಿ ಅಂಥ ಬ್ರಹ್ಮವಿದ್ಯೆ ಏನಿದೆ, ನೋಡೋಣ. ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿದ್ದರೆ ದೊಡ್ಡ ಪೆಟ್ಟಿಗೆಯನ್ನು ಸಾಮಾನ್ಯವಾಗಿ ನಡುವಿನ ಊರಿನಲ್ಲಿ ಇಳಿಸಿಕೊಳ್ಳಬೇಕಾಗಿಲ್ಲ, ಅದು ತಾನಾಗಿ ಮುಂದಿನ ವಿಮಾನಕ್ಕೆ ಹೋಗುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಬೇರೆ ವಿಮಾನದಲ್ಲಿ ಕಳಿಸುವ ಹೊಣೆ ಕಂಪನಿಯದು. ಹತ್ತು ಸಾವಿರ ರೂಪಾಯಿ ಉಳಿಸುವ ಸಲುವಾಗಿ ಮಗ ಎರಡು ಕಂಪನಿಗಳಲ್ಲಿ ಎರಡು ಬೇರೆ ಬೇರೆ ಟಿಕೆಟ್ಟು ತೆಗೆದಿದ್ದರೆ ಈ ಎರಡೂ ಇಲ್ಲ: ಪೆಟ್ಟಿಗೆ ತಾನೇ ಇಳಿಸಿಕೊಳ್ಳಬೇಕು, ವಿಮಾನ ತಪ್ಪಿದರೆ ಹಣ ಹೋದ ಹಾಗೆಯೇ. ಇಳಿದ ಮೇಲೆ ‘ಹೊರಗೆ’ ಎಂಬ ಬಾಣದ ಹಿಂದೆ ಹೋಗದೆ ‘ಮುಂದಿನ ವಿಮಾನ’ ಎಂಬ ಬಾಣದ ಹಿಂದೆ ಹೋಗಬೇಕು. ಅಲ್ಲಿ ಕೈಚೀಲವನ್ನು ಇನ್ನೊಮ್ಮೆ ಶೋಧಿಸುತ್ತಾರೆ. ಕುಡಿಯುವ ನೀರಿನ ಬಾಟಲಿ, ಉಪ್ಪಿನಕಾಯಿಯ ಎಣ್ಣೆ, ತುಪ್ಪದ ಡಬ್ಬಿ ಅಲ್ಲೇ ಕಸದ ಬುಟ್ಟಿಗೆ ಬೀಳುತ್ತವೆ. ಆಮೇಲೆ ಗೇಟು ಹುಡುಕಬೇಕು. ಗೇಟಿಗೆ ಒಂದು ಇಂಗ್ಲಿಷ್ ಅಕ್ಷರ, ಒಂದು ಅಂಕಿ. ಚೀಟಿಯಲ್ಲಿ ಮುದ್ರಿಸಿದ ಗೇಟು ಕೊನೆಯ ಗಳಿಗೆಯಲ್ಲಿ ಬದಲಾಗಬಹುದು. ಆಗ ನಂಬಬೇಕಾದದ್ದು ಚೀಟಿಯನ್ನಲ್ಲ, ಗೋಡೆಯ ಮೇಲಿನ ಫಲಕವನ್ನು. ಚೀಟಿಯಲ್ಲಿ ಬರೆದ ಹೊತ್ತೆಲ್ಲ ಆಯಾ ಊರಿನ ಹೊತ್ತು, ಇಂಡಿಯ ಗಡಿಯಾರದ ಹೊತ್ತಲ್ಲ. ವಿಮಾನ ಹೊರಡುವ ಸಮಯ ಬೇರೆ, ಬಾಗಿಲು ಮುಚ್ಚುವ ಸಮಯ ಬೇರೆ. ಎರಡನೆಯದು ಮೊದಲು ಬರುತ್ತದೆ.

ಅಮೆರಿಕದ ಕಟ್ಟಳೆ ಇನ್ನೊಂದು ತೆರ. ಆ ದೇಶದಲ್ಲಿ ಮೊದಲು ಇಳಿದ ಊರು ಯಾವುದೋ ಅಲ್ಲಿಯೇ ಪಾಸ್‌ಪೋರ್ಟು ತೋರಿಸಿ, ಪೆಟ್ಟಿಗೆ ಎತ್ತಿಕೊಂಡು, ಸುಂಕದವರ ಮುಂದೆ ಹಾಯ್ದು, ತಿರುಗಿ ಅದನ್ನು ಒಪ್ಪಿಸಿ ಮುಂದಿನ ವಿಮಾನ ಹಿಡಿಯಬೇಕು. ‘ಪೆಟ್ಟಿಗೆ ಡಲ್ಲಾಸಿಗೇ ಬರುತ್ತದೆ’ ಎಂದು ಇಲ್ಲಿ ಹೇಳಿದ ಮಾತು ಷಿಕಾಗೋದಲ್ಲಿ ನಡೆಯುವುದಿಲ್ಲ. ಅಬುಧಾಬಿಯಂಥ ಕೆಲವೇ ಕಡೆ ಅಮೆರಿಕದ ಅಧಿಕಾರಿಗಳು ವಿಮಾನ ಹತ್ತುವ ಮೊದಲೇ ಈ ಶಾಸ್ತ್ರ ಮುಗಿಸುತ್ತಾರೆ. ಲಂಡನ್ನಿನಲ್ಲಿ ವಿಮಾನ ಬದಲಿಸುವ ಭಾರತೀಯನಿಗೆ, ಅಮೆರಿಕದಂಥ ಕೆಲವು ದೇಶಗಳ ವೀಸಾ ಕೈಯಲ್ಲಿಲ್ಲದಿದ್ದರೆ, ನಿಲ್ದಾಣದ ಹೊರಗೆ ಕಾಲಿಡದಿದ್ದರೂ ಬೇರೆ ಪರವಾನಗಿ ಬೇಕು.

ಇಷ್ಟೇ. ಇದರಲ್ಲಿ ಜೋಳದ ರಾಶಿ ಮಾಡಿ, ಮೂರು ಮಕ್ಕಳ ಮದುವೆ ತೂಗಿಸಿ, ಸೊಸೈಟಿಯ ಸಾಲದ ಲೆಕ್ಕ ಬಾಯಲ್ಲಿಟ್ಟುಕೊಂಡ ಹೆಣ್ಣುಮಗಳಿಗೆ ತಿಳಿಯದ ಮಾತು ಯಾವುದು? ಎರಡು ದಿನ ಕುಳ್ಳಿರಿಸಿ ಕನ್ನಡದಲ್ಲಿ ಹೇಳಿದರೆ ಸಾಕು. ಹೇಳುವವರು ಯಾರು? ಮಗ ಹೇಳುವುದಿಲ್ಲ. ಅವನು ಟಿಕೆಟ್ಟು ತೆಗೆಯುವಾಗ ಗಾಲಿಕುರ್ಚಿಯ ಚೌಕದಲ್ಲಿ ಒಂದು ಗುರುತು ಒತ್ತಿ, “ಯವ್ವಾ, ನೀ ಏನೂ ಮಾತಾಡಬ್ಯಾಡ ಬೇ, ಸುಮ್ಮ ಕೂತಬಿಡು” ಎಂದು ಹೇಳಿ ಕರ್ತವ್ಯ ಮುಗಿಸುತ್ತಾನೆ. ಜೀವಮಾನದಲ್ಲಿ ಒಬ್ಬರ ಹಂಗಿನಲ್ಲಿ ಕೂರದವಳನ್ನು ಒಂದೇ ಗುಂಡಿ ಒತ್ತಿ ಸಾಮಾನು ಮಾಡುವ ಈ ಸೌಲಭ್ಯಕ್ಕೆ ನಮ್ಮ ಇಂಜಿನಿಯರರು ಪ್ರೀತಿ ಎಂದು ಹೆಸರಿಟ್ಟಿದ್ದಾರೆ. ಪ್ರೀತಿಯೇ ಇರಬಹುದು. ಆದರೆ ಸೋಮಾರಿಯಾದ ಪ್ರೀತಿ.

ಎದುರು ಪಕ್ಷದಲ್ಲಿ ಒಂದು ಮಾತು ಮಾತ್ರ ತೂಕದ್ದು. ಅದನ್ನು ಮರೆಮಾಚಿ ವಾದಿಸುವುದು ನನಗೆ ಸೇರದು. ಕುರ್ಚಿಗಳೂ ತಳ್ಳುವವರೂ ಲೆಕ್ಕದವರು. ನಡೆಯಬಲ್ಲವರು ಕುಳಿತರೆ ನಡೆಯಲಾರದವರು ನಿಲ್ಲಬೇಕಾಗುತ್ತದೆ. 2024ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನಿಂದ ಮುಂಬಯಿಗೆ ಬಂದಿಳಿದ ಎಂಬತ್ತು ವರ್ಷದ ವೃದ್ಧರೊಬ್ಬರು, ದಂಪತಿಗಳಿಬ್ಬರಿಗೂ ಕುರ್ಚಿ ಕೇಳಿದ್ದರೂ ದೊರೆತದ್ದು ಒಂದೇ ಆದುದರಿಂದ, ಹೆಂಡತಿಯನ್ನು ಅದರಲ್ಲಿ ಕೂರಿಸಿ ತಾವು ನಡೆದರು. ದಾರಿಯಲ್ಲಿ ಕುಸಿದು ತೀರಿಕೊಂಡರು. ವಿಮಾನಯಾನದ ಮಹಾನಿರ್ದೇಶನಾಲಯ ಏರ್ ಇಂಡಿಯಾಕ್ಕೆ 30 ಲಕ್ಷ ರೂಪಾಯಿ ದಂಡ ವಿಧಿಸಿತು. ಇಂಥ ಸುದ್ದಿ ಓದಿದ ಮೇಲೆ, ಗಟ್ಟಿ ಕಾಲಿನವರು ಕುರ್ಚಿ ಹಿಡಿಯುವುದನ್ನು ನಾನು ಸರಿ ಎನ್ನಲಾರೆ.

ಆದರೆ ಇದರಿಂದ ಹೊರಡುವ ನಿರ್ಣಯ ಯಾವುದು? ಮುದುಕಿಯರನ್ನು ನಗೆಪಾಟಲು ಮಾಡಿ, ಕುರ್ಚಿಗೆ ಹಣ ಇಟ್ಟು, ನಾಚಿಸಿ ಎಬ್ಬಿಸಿರಿ ಎಂದೆ? ಎಬ್ಬಿಸಿದ ಮೇಲೆ ಅವಳು ಎಲ್ಲಿ ಹೋಗಬೇಕು? ಬಾಯಿಲ್ಲದವಳು ಬಾಯಿಲ್ಲದವಳಾಗಿಯೇ ಉಳಿದಳಲ್ಲ! ಕಾಲಿನ ನೆರವು ಬೇರೆ, ಮಾತಿನ ನೆರವು ಬೇರೆ ಎಂದು ವಿಂಗಡಿಸುವುದೇ ಸರಿಯಾದ ದಾರಿ. ವಿಮಾನ ಕಂಪನಿಗಳ ಸಂಕೇತಭಾಷೆಯಲ್ಲಿ ಗಾಲಿಕುರ್ಚಿಗೇ ಮೂರು ಅಂತಸ್ತುಗಳಿವೆ: ಮೆಟ್ಟಿಲು ಹತ್ತಬಲ್ಲ, ದೂರ ನಡೆಯಲಾರದವರಿಗೆ ಒಂದು, ಮೆಟ್ಟಿಲೂ ಹತ್ತಲಾರದವರಿಗೆ ಇನ್ನೊಂದು, ಆಸನದವರೆಗೂ ಎತ್ತಿ ಒಯ್ಯಬೇಕಾದವರಿಗೆ ಮತ್ತೊಂದು. ಇವುಗಳ ಪಕ್ಕದಲ್ಲೇ, ಕುರ್ಚಿಯ ಗೊಡವೆಯಿಲ್ಲದೆ, ಪ್ರಯಾಣಿಕನನ್ನು ಎದುರುಗೊಂಡು ಮುಂದಿನ ಬಾಗಿಲಿಗೆ ಮುಟ್ಟಿಸಿಕೊಡಬೇಕೆಂಬ ಬೇರೊಂದು ಸಂಕೇತವೂ ಇದೆ. ‘ಮೀಟ್ ಅಂಡ್ ಅಸಿಸ್ಟ್’ ಎಂದು ಅದರ ಹೆಸರು. ನಮ್ಮ ತಾಯಂದಿರಿಗೆ ಬೇಕಾದದ್ದು ಅಕ್ಷರಶಃ ಇದೇ. ಆದರೆ ಟಿಕೆಟ್ಟಿನ ಏಜಂಟನು ಅದರ ಹೆಸರೆತ್ತುವುದಿಲ್ಲ. ಕಂಪನಿಗಳು ಒಂದೊಂದು ರೀತಿಯಲ್ಲಿ ನಡೆಸುತ್ತವೆ. ಕೆಲವು ಕಡೆ ಅದಕ್ಕೆ ದುಡ್ಡು, ಕುರ್ಚಿ ಮಾತ್ರ ಪುಕ್ಕಟೆ. ಹೀಗಿರುವಲ್ಲಿ ಜನ ಕುರ್ಚಿಯನ್ನೇ ಹಿಡಿದರೆ ಅದರ ತಪ್ಪು ಜನರ ತಲೆಗೆ ಏಕೆ?

‘ಅರವತ್ತೈದಕ್ಕಾದರೂ ಇಂಗ್ಲಿಷು ಕಲಿಯಲಿ’ ಎನ್ನುವವರಿಗೆ ಉತ್ತರ ಕೊಡುವ ಗೋಜಿಗೆ ನಾನು ಹೋಗುವುದಿಲ್ಲ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರ, ಹತ್ತು ಅಂಕಿ ಒಂದು ವಾರದ ಕೆಲಸ. ಅದನ್ನು ಮೊಮ್ಮಗಳು ಕಲಿಸಿಯಾಳು. ನನ್ನ ಜಗಳ ಬೇರೆಯವರೊಡನೆ ಇದೆ, ನಮ್ಮವರೊಡನೆಯೇ. 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿಯೆಂದವರು 4 ಕೋಟಿ 37 ಲಕ್ಷ. ಎಂಟು ಜ್ಞಾನಪೀಠಗಳನ್ನು ವೇದಿಕೆಯ ಮೇಲೆ ಎಣಿಸುವುದನ್ನು ನಾವು ಬಿಟ್ಟಿಲ್ಲ. ಈ ಭಾಷೆಯ ಹೆಣ್ಣುಮಗಳ ಕೈಗೆ ಬರುವ ಪಾಸ್‌ಪೋರ್ಟಿನಲ್ಲಿ ಇರುವುದು ಹಿಂದಿ ಮತ್ತು ಇಂಗ್ಲಿಷು, ಟಿಕೆಟ್ಟಿನಲ್ಲಿ ಇಂಗ್ಲಿಷು. ಪಾಸ್‌ಪೋರ್ಟಿನೊಡನೆ ಎಂಟು ಪುಟದ ಕನ್ನಡ ಪುಸ್ತಿಕೆಯೊಂದನ್ನು ಕೊಡುವಂತೆ ಯಾವ ಸಾಹಿತ್ಯ ಸಮ್ಮೇಳನದ ಠರಾವಿನಲ್ಲಿ ಕೇಳಿದ್ದೇವೆ? ನಮ್ಮ ವೃತ್ತಿಬಾಂಧವರಿಗೆ ಇದು ಸಾಹಿತ್ಯದ ವಿಷಯವಾಗಿ ಕಾಣುವುದಿಲ್ಲ. ಕಂಡರೂ ಅವರು ಮೊದಲು ಮಾಡುವ ಕೆಲಸ ಪದ ಕಟ್ಟುವುದು: ‘ಸಂಪರ್ಕ ವಿಮಾನ’, ‘ಮಧ್ಯಂತರ ತಂಗುದಾಣ’, ‘ಆರೋಹಣ ಪತ್ರ’. ಆರೋಹಣ ಪತ್ರವನ್ನು ಕೈಯಲ್ಲಿ ಹಿಡಿದ ತಾಯಿಗೆ ಅದು ಬೋರ್ಡಿಂಗ್ ಪಾಸಿಗಿಂತ ಕಠಿಣ. ಹೋಟಗಿಯ ದಿನಗಳಿಂದ ನಮ್ಮಲ್ಲಿ ಒಂದು ಮಾತಿದೆ, ‘ಬದಲಿ’. ‘ಎಲ್ಲಿ ಬದಲಿ?’ ಎಂದರೆ ನಾಲ್ಕೂ ತಾಲ್ಲೂಕಿನಲ್ಲಿ ತಿಳಿಯದವರಿಲ್ಲ. ‘ದೋಹಾದಾಗ ಬದಲಿ’ ಎಂದು ಬರೆದರೆ ಕನ್ನಡಕ್ಕೆ ಕುಂದು ಬರುತ್ತದೆಯೆ?

ಇನ್ನು ವಿಜಯಪುರಕ್ಕೇ ವಿಮಾನ ಬಂದುಬಿಟ್ಟರೆ ಎಲ್ಲವೂ ಸರಿಹೋಗುವುದೆಂದು ನಂಬಿದವರಿದ್ದಾರೆ. ಬುರಣಾಪುರದ ಬಳಿ 2021ರಲ್ಲಿ ಅಡಿಗಲ್ಲು ಬಿದ್ದಾಗಿನಿಂದ ಈ ನಂಬಿಕೆ ಹೆಚ್ಚಿದೆ. ಬರಲಿ, ಬೇಡವೆನ್ನುವುದಿಲ್ಲ. ಆದರೆ ಚಿಕ್ಕ ನಿಲ್ದಾಣದಿಂದ ಹಾರಿದ ವಿಮಾನ ಷಿಕಾಗೋಕ್ಕೆ ಹೋಗುವುದಿಲ್ಲ. ಬೆಂಗಳೂರಿಗೋ ಮುಂಬಯಿಗೋ ಹೈದರಾಬಾದಿಗೋ ಹೋಗುತ್ತದೆ. ಒಂದಿದ್ದ ಬದಲಿ ಎರಡಾಗುತ್ತದೆ. ಮುಂಬಯಿಯಲ್ಲಾದರೆ ಸಾಂತಾಕ್ರೂಝ್ ಕಡೆಯ ನಿಲ್ದಾಣದಲ್ಲಿ ಇಳಿದವರು ಸಹಾರ್ ಕಡೆಯ ನಿಲ್ದಾಣಕ್ಕೆ ಹೋಗಬೇಕು. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರದಿಂದ ಪರದೇಶದ ವಿಮಾನಗಳೆಲ್ಲ ಎರಡನೆಯ ಟರ್ಮಿನಲ್ಲಿನಲ್ಲಿವೆ. ಧಾವಣಪಥ ಹಾಕಿದರೆ ದಾರಿ ಹೇಳಿದಂತಾಗುವುದಿಲ್ಲ.

ಬೇಕಾದದ್ದು ಬಹಳ ಸಣ್ಣದು. ಮೇಲೆ ನಾನು ಹೇಳಿದ ಹತ್ತು ಹನ್ನೆರಡು ಸಂಗತಿಗಳನ್ನು ದೊಡ್ಡ ಅಕ್ಷರದಲ್ಲಿ, ನಮ್ಮ ಕಡೆಯ ಮಾತಿನಲ್ಲಿ, ಬಾಣ ಮತ್ತು ಗೇಟಿನ ಚಿತ್ರದೊಡನೆ ಅಚ್ಚು ಹಾಕಿಸಿ ನಾಲ್ಕೂ ತಾಲ್ಲೂಕಿನ ಗ್ರಂಥಾಲಯಗಳಲ್ಲಿ, ಬಸ್ ನಿಲ್ದಾಣಗಳಲ್ಲಿ, ಟಿಕೆಟ್ ಏಜಂಟರ ಮೇಜಿನ ಮೇಲೆ ಇಡಬೇಕು. ಒಂದು ಮದುವೆಯ ಲಗ್ನಪತ್ರಿಕೆಗೆ ತಗಲುವ ಖರ್ಚು. ‘ನಾನು ವಿಮಾನ ಬದಲಿಸಬೇಕು, ನನ್ನ ಗೇಟು ತೋರಿಸಿರಿ’ ಎಂಬ ಮಾತನ್ನು ಇಂಗ್ಲಿಷು, ಅರಬ್ಬಿ, ಜರ್ಮನ್‌ಗಳಲ್ಲಿ ಅದರ ಬೆನ್ನಿಗೆ ಮುದ್ರಿಸಿದರೆ, ತಾಯಿ ಬಾಯಿ ತೆರೆಯದೆಯೂ ಆ ಹಾಳೆ ಚಾಚಿದಳೆಂದರೆ ಸಾಕು. ಇದನ್ನು ಪರಿಷತ್ತು ಮಾಡಬಹುದು, ಪ್ರಾಧಿಕಾರ ಮಾಡಬಹುದು, ಒಂದು ಕಾಲೇಜಿನ ಕನ್ನಡ ವಿಭಾಗವೂ ಮಾಡಬಹುದು. ಅಲ್ಲಿಯವರೆಗೆ, ಟಿಕೆಟ್ಟು ತೆಗೆಯುವ ಮಕ್ಕಳು ಗಾಲಿಕುರ್ಚಿಯ ಚೌಕವನ್ನು ಒತ್ತುವ ಮೊದಲು ಕಂಪನಿಗೆ ಒಂದು ಫೋನು ಮಾಡಿ ಎದುರುಗೊಳ್ಳುವ ಸೇವೆ ಇದೆಯೇ ಎಂದು ಕೇಳಲಿ. ಕೇಳಿದ ಮೇಲೆ ಊರಿಗೂ ಒಂದು ಫೋನು ಮಾಡಿ, ಯವ್ವಾ, ನೀ ನಡಕೊಂಡು ಹೋಗ್ತೀಯೋ ಕೂತು ಹೋಗ್ತೀಯೋ ಎಂದು ಅವಳನ್ನೇ ಕೇಳಲಿ.